ಥರ್ಮೋಸ್ಟಾಟ್ ಮತ್ತು ಅಮ್ಮಿಯ ಇನ್ಸುಲಿನ್

ಬಿಜಾಪುರ ಸೀಮೆಯ ಬಿಸಿಲನ್ನು ಹೊರಗಿನವರಿಗೆ ಹೇಳಿ ತಿಳಿಸುವುದು ಕಷ್ಟ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ದಾಟುತ್ತದೆ. 2014ರಲ್ಲಿ ಜಿಲ್ಲೆಯ ಹೆಸರು ವಿಜಯಪುರವಾಯಿತು, ಬಿಸಿಲು ಮಾತ್ರ ಹಳೆಯದೇ. ತಿಕೋಟಾ ತಾಲೂಕಿನ ನಮ್ಮ ಹೊನವಾಡದಲ್ಲಿ ಮಧ್ಯಾಹ್ನದ ಹೊತ್ತು ಓಣಿಗಳು ಬಿಕೋ ಎನ್ನುತ್ತವೆ. ಇಂಥ ಊರಿನಲ್ಲಿ ಫ್ರಿಜ್ ಇರುವುದು ತಣ್ಣೀರಿಗೆ, ಐಸಿಗೆ ಎಂದೇ ಜನ ತಿಳಿಯುತ್ತಾರೆ. ಶುಗರ್ ಇರುವವರ ಮನೆಯಲ್ಲಿ ಅದರ ಅರ್ಥವೇ ಬೇರೆ.

ನಮ್ಮ ಅಮ್ಮಿ ಹಲವು ವರ್ಷಗಳಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ತೆರೆಯದ ಇನ್ಸುಲಿನ್ ಬಾಟಲಿಯನ್ನು 2ರಿಂದ 8 ಡಿಗ್ರಿಯೊಳಗೆ ಇಡಬೇಕು. ಬಿಸಿಯಾದರೆ ಅದರ ಶಕ್ತಿ ಕುಂದುತ್ತದೆ. ಹೆಪ್ಪುಗಟ್ಟಿದರೂ ಕೆಡುತ್ತದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಒಮ್ಮೆ ಗಡ್ಡೆಯಾದ ಇನ್ಸುಲಿನ್ ಕರಗಿದ ಮೇಲೆ ನೋಡಲು ಮೊದಲಿನಂತೆಯೇ ಕಾಣಬಹುದು. ಆದರೆ ಅದನ್ನು ನಂಬಿ ಚುಚ್ಚಿಕೊಳ್ಳುವಂತಿಲ್ಲ. ಹಾಗಾಗಿ ಫ್ರಿಜ್ ತಂಪು ಮಾಡಿದರೆ ಸಾಲದು, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲಲೂ ಬೇಕು.

ಕಳೆದ ಬೇಸಿಗೆಯಲ್ಲಿ ನಮ್ಮ ಫ್ರಿಜ್ ನಿಲ್ಲುವುದನ್ನೇ ಮರೆಯಿತು. ಅದನ್ನು ಮೊದಲು ಗುರುತಿಸಿದವರು ಅಮ್ಮಿ. ರಾತ್ರಿ ನಿದ್ದೆ ಬಾರದೆ ಮಲಗಿದ್ದವರು, "ಇದು ಉಸಿರ ಬಿಡದಂಗ ಗುರ್ ಅನ್ನಾಕತ್ತೈತಿ, ನೋಡ್ರಿ" ಎಂದರು. ಬೆಳಿಗ್ಗೆ ತೆಗೆದು ನೋಡಿದರೆ ಕೊತ್ತಂಬರಿ ಗಾಜಿನಂತೆ ಮುರಿಯುತ್ತಿತ್ತು, ನೀರಿನ ಬಾಟಲಿಯಲ್ಲಿ ಐಸ್ ಕಟ್ಟಿತ್ತು. ಇನ್ಸುಲಿನ್ ಬಾಟಲಿಗಳ ಬಗ್ಗೆ ಔಷಧಿ ಅಂಗಡಿಯವರನ್ನು ಕೇಳಿದೆವು. ಗಡ್ಡೆಯಾಗಿದೆಯೇನೋ ಎಂಬ ಸಂಶಯ ಬಂದರೂ ಬಿಸಾಡಿಬಿಡಿ ಎಂದರು. ಒಂದು ತಿಂಗಳ ಔಷಧಿ ಹೋಯಿತು.

ಹೊಸ ಬಾಟಲಿ ತಂದು ಎರಡು ದಿನ ಅದನ್ನು ಕಾಪಾಡಿದ್ದು ಮಣ್ಣಿನ ಗಡಿಗೆ. ದೊಡ್ಡ ಗಡಿಗೆಯೊಳಗೆ ಚಿಕ್ಕದನ್ನಿಟ್ಟು, ನಡುವೆ ಉಸುಕು ತುಂಬಿ, ಉಸುಕಿಗೆ ನೀರು ಹಾಕಿ, ಮೇಲೆ ಒದ್ದೆ ಬಟ್ಟೆ ಮುಚ್ಚಿದೆವು. ನಮ್ಮ ಕಡೆಯ ಒಣ ಗಾಳಿಗೆ ನೀರು ಬೇಗ ಆವಿಯಾಗುತ್ತದೆ. ಆವಿಯಾಗುವಾಗ ಶಾಖವನ್ನೂ ಒಯ್ಯುತ್ತದೆ. ಇದು ಫ್ರಿಜ್ಜಿನಷ್ಟು ತಂಪಲ್ಲ. ಆದರೆ ತೆರೆದು ಬಳಸುತ್ತಿರುವ ಬಾಟಲಿಗೆ ಸುಮಾರು ನಾಲ್ಕು ವಾರ ಅಷ್ಟು ತಂಪು ಬೇಕಿಲ್ಲ. ಸಾಮಾನ್ಯವಾಗಿ 25ರಿಂದ 30 ಡಿಗ್ರಿ ಮೀರದಂತೆ ನೋಡಿಕೊಂಡರೆ ಸಾಕು.

ಶಹರದ ರಿಪೇರಿಯವರೊಬ್ಬರಿಗೆ ಫೋನು ಮಾಡಿದೆವು. ಅವರು ಫ್ರಿಜ್ಜಿನ ಮುಖ ನೋಡದೆಯೇ, "ಕಂಪ್ರೆಸರ್ ಹೋಗೇತ್ರಿ, ಹೊಸಾದ ತಗೋರಿ" ಎಂದರು. ಈ ಮಾತು ನಮ್ಮ ತಂಗಿಗೆ ಹಿಡಿಸಲಿಲ್ಲ. ಪಿಯುಸಿಯಲ್ಲಿ ವಿಜ್ಞಾನ ಓದಿದವಳು ಅವಳು. "ಕಂಪ್ರೆಸರ್ ಕೆಟ್ಟಿದ್ರ ತಂಪ ಆಗಬಾರದಿತ್ತು. ಇಲ್ಲಿ ತಂಪು ಹೆಚ್ಚಾಗೇತಿ. ದುಡಿಯೋದು ಸರಿ ಐತಿ, ನಿಲ್ಲಸೋದು ಕೆಟ್ಟೈತಿ" ಎಂದಳು. ಇಡೀ ಕಾಯಿಲೆಯ ನಿದಾನ ಈ ಒಂದೇ ಮಾತಿನಲ್ಲಿತ್ತು.

ಫ್ರಿಜ್ ತಂಪನ್ನು ತಯಾರಿಸುವುದಿಲ್ಲ. ಒಳಗಿನ ಶಾಖವನ್ನು ಎತ್ತಿ ಹೊರಗೆ ಸುರಿಯುತ್ತದೆ, ಬಾವಿಯಿಂದ ನೀರೆತ್ತುವ ಪಂಪಿನಂತೆ. ಅದರ ಹಿಂಭಾಗ ಬಿಸಿಯಾಗುವುದು ಅದಕ್ಕೇ. ಚಳಿ ದೇಶಗಳಲ್ಲಿ ಇದೇ ತತ್ವವನ್ನು ತಿರುಗಿಸಿ, ಹೊರಗಿನ ಗಾಳಿಯಲ್ಲಿರುವ ಅಲ್ಪ ಶಾಖವನ್ನೇ ಎತ್ತಿ ಮನೆಯೊಳಗೆ ತರುತ್ತಾರೆ. ಅಲ್ಲಿ ಅದಕ್ಕೆ ಹೀಟ್ ಪಂಪ್ ಎನ್ನುತ್ತಾರೆ. ಯಂತ್ರ ಯಾವುದೇ ಇರಲಿ, 'ಇನ್ನು ಸಾಕು' ಎನ್ನಲು ಒಂದು ಸ್ವಿಚ್ಚು ಬೇಕು. ಅದೇ ಥರ್ಮೋಸ್ಟಾಟ್.

ನಮ್ಮದು ಒಂದೇ ಬಾಗಿಲಿನ ಹಳೆಯ ಮಾದರಿ. ಇದರ ಥರ್ಮೋಸ್ಟಾಟಿನಿಂದ ತಂತಿಯಂತೆ ಕಾಣುವ ಸಣ್ಣ ಕೊಳವೆಯೊಂದು ಹೊರಟು, ಫ್ರೀಜರಿನ ತಗಡಿಗೆ ತಾಗಿಕೊಂಡಿರುತ್ತದೆ. ಕೊಳವೆಯೊಳಗೆ ಸ್ವಲ್ಪ ಅನಿಲವಿದೆ. ತಗಡು ಬೆಚ್ಚಗಾದರೆ ಅನಿಲದ ಒತ್ತಡ ಏರಿ ಸ್ವಿಚ್ಚು ಕೂಡುತ್ತದೆ, ತಂಪಾದರೆ ಒತ್ತಡ ಇಳಿದು ಸ್ವಿಚ್ಚು ಬಿಡುತ್ತದೆ. ನಾವು ತಿರುಗಿಸುವ ಗುಂಡಿ ಒಳಗಿನ ಸ್ಪ್ರಿಂಗಿನ ಬಿಗಿಯನ್ನು ಬದಲಿಸುತ್ತದೆ, ಅಷ್ಟೆ.

ಪ್ಲಗ್ಗನ್ನು ಕಿತ್ತು ಮೊದಲು ನೋಡಿದ್ದು ಈ ಕೊಳವೆಯ ತುದಿಯನ್ನು. ಅದು ತಗಡಿನಿಂದ ಕಳಚಿಕೊಂಡಿದ್ದರೂ ಯಂತ್ರಕ್ಕೆ ತಂಪು ತಿಳಿಯದೆ ಓಡುತ್ತಲೇ ಇರುತ್ತದೆ. ತುದಿ ಜಾಗದಲ್ಲೇ ಇತ್ತು. ಥರ್ಮೋಸ್ಟಾಟನ್ನು ಬಿಚ್ಚಿ, ಗುಂಡಿಯನ್ನು ಕಡಿಮೆ ತಂಪಿಗಿಟ್ಟು, ಕೊಳವೆಯ ತುದಿಯನ್ನು ಉಪ್ಪು ಬೆರೆಸಿದ ಐಸ್ ಚೂರಿನಲ್ಲಿ ಅದ್ದಿದೆವು. ಉಪ್ಪು ಬಿದ್ದ ಐಸ್ ಸೊನ್ನೆಗಿಂತ ಬಹಳ ಕೆಳಗೆ ಇಳಿಯುತ್ತದೆ. ಸರಿಯಿದ್ದ ಸ್ವಿಚ್ಚು 'ಟಿಕ್' ಎಂದು ಬಿಡಬೇಕಿತ್ತು. ಬಿಡಲಿಲ್ಲ. ಮಲ್ಟಿಮೀಟರಿನಲ್ಲಿ ಎರಡು ತುದಿಗಳು ಕೂಡಿಯೇ ಇದ್ದವು. ಒಳಗಿನ ಬಿಂದುಗಳು ಕಿಡಿಗೆ ಸುಟ್ಟು ಬೆಸೆದುಕೊಂಡಿದ್ದವು. ಹಳ್ಳಿಯಲ್ಲಿ ವೋಲ್ಟೇಜು ಕುಸಿದಾಗ ಕಂಪ್ರೆಸರ್ ತಿರುಗಲಾರದೆ ಹೆಚ್ಚು ಕರೆಂಟು ಎಳೆಯುತ್ತದೆ, ಆಗ ಸ್ವಿಚ್ಚಿನ ಬಾಯಲ್ಲಿ ಕಿಡಿಯೂ ಹೆಚ್ಚು.

ಹಳೆಯದನ್ನು ಕೈಯಲ್ಲಿ ಹಿಡಿದು ತಿಕೋಟಾಕ್ಕೆ ಹೋದೆವು. ಅಲ್ಲಿ ಬಜಾರಿನ ಮೂಲೆಯಲ್ಲಿ ಚಾಚಾ ಒಬ್ಬರು ಫ್ಯಾನು, ಮಿಕ್ಸರು, ಮೋಟಾರು ರಿಪೇರಿ ಮಾಡುತ್ತಾರೆ. ಕೆಲವು ನೂರು ರೂಪಾಯಿಗೆ ಅದೇ ಮಾದರಿಯ ಹೊಸದನ್ನು ಹುಡುಕಿಕೊಟ್ಟರು. ಕೊಡುವಾಗ ಒಂದು ಮಾತು ಹೇಳಿದರು. "ತಮ್ಮಾ, ವೈರಿನ ಬಣ್ಣ ನೋಡಬ್ಯಾಡ, ಹಳೇದರ ಮ್ಯಾಲಿನ ನಂಬರ ನೋಡು. ಬಣ್ಣ ಸುಳ್ಳ ಹೇಳತಾವು, ನಂಬರ ಹೇಳಂಗಿಲ್ಲ." ನಾವು ಕೊಡಹೋದ ಸಲಹೆಯ ದುಡ್ಡನ್ನು ಅವರು ಮುಟ್ಟಲಿಲ್ಲ.

ಜೋಡಣೆಗೆ ಒಂದು ತಾಸು ಸಾಕಾಯಿತು. ಬಿಚ್ಚುವ ಮೊದಲೇ ತಂಗಿ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಂಡು, ಪ್ರತಿ ವೈರಿಗೂ ಕಾಗದದ ಚೀಟಿ ಕಟ್ಟಿದ್ದಳು. ನಮ್ಮದರಲ್ಲಿ 3 ಮತ್ತು 4ನೇ ನಂಬರಿನ ತುದಿಗಳ ನಡುವೆ ಕಂಪ್ರೆಸರಿನ ಸ್ವಿಚ್ಚು ಇತ್ತು, ಹಸಿರು ವೈರು ಅರ್ಥಿಂಗಿನದು. ಎಲ್ಲ ಮಾದರಿಗಳಲ್ಲೂ ಹೀಗೇ ಇರಬೇಕೆಂದಿಲ್ಲ. ಹೊಸ ಕೊಳವೆಯನ್ನು ದೊಡ್ಡ ಬಳಕಿನಲ್ಲಿ ನಿಧಾನವಾಗಿ ಬಾಗಿಸಬೇಕು, ಮಡಚಿ ಮುರಿದರೆ ಒಳಗಿನ ಅನಿಲ ಹೋಗಿ ಸ್ವಿಚ್ಚು ಎಂದೂ ಕೂಡುವುದಿಲ್ಲ. ಫ್ರೀಜರಿನ ಐಸನ್ನು ಚಾಕುವಿನಿಂದ ಕೆತ್ತಲಿಲ್ಲ, ತಾನಾಗಿ ಕರಗಲು ಬಿಟ್ಟೆವು. ಆ ತೆಳು ತಗಡಿಗೆ ತೂತು ಬಿದ್ದರೆ ಫ್ರಿಜ್ಜಿನ ಗ್ಯಾಸೇ ಹೋಗುತ್ತದೆ. ಈಗಿನ ಅನೇಕ ಫ್ರಿಜ್ಜುಗಳಲ್ಲಿರುವ ಗ್ಯಾಸು ಬೆಂಕಿ ಹಿಡಿಯುವಂಥದ್ದು. ಗ್ಯಾಸಿನ ಕೆಲಸ, ಕಂಪ್ರೆಸರಿನ ಕೆಲಸ ಕಲಿತವರಿಗೇ ಬಿಡಬೇಕು.

ಅರ್ಥಿಂಗ್ ಪರೀಕ್ಷೆಯನ್ನು ಅಣ್ಣ ವಹಿಸಿಕೊಂಡ. ಹೊಲದ ಬೋರಿನ ಸ್ಟಾರ್ಟರ್ ಬಿಚ್ಚಿ ಜೋಡಿಸಿ ಅವನಿಗೆ ರೂಢಿ. ನಮ್ಮ ಹಳ್ಳಿಯ ಎಷ್ಟೋ ಮನೆಗಳಲ್ಲಿ ಮೂರು ತೂತಿನ ಸಾಕೆಟ್ಟು ಇದ್ದರೂ ಮೂರನೆಯದರ ಹಿಂದೆ ವೈರೇ ಇರುವುದಿಲ್ಲ. ಇದ್ದರೂ ಉಪ್ಪು, ಇದ್ದಿಲು ಹಾಕಿ ಹೂತ ಪೈಪಿನ ಸುತ್ತ ಬೇಸಿಗೆಯಲ್ಲಿ ಎರಿ ಮಣ್ಣು ಬಿರಿದು ಒಣಗಿರುತ್ತದೆ. ಅಣ್ಣ ಆ ಕುಣಿಗೆ ನಾಲ್ಕು ಕೊಡ ನೀರು ಹಾಕಿದ ಮೇಲೆಯೇ ಪ್ಲಗ್ಗು ಚುಚ್ಚಲು ಬಿಟ್ಟದ್ದು. ಕಂಪ್ರೆಸರ್ ಶುರುವಾಯಿತು. ಕೆಲವು ತಾಸಿನ ನಂತರ 'ಟಿಕ್' ಎಂದು ನಿಂತಿತು. ಆ ಮೌನಕ್ಕಾಗಿ ನಾವೆಲ್ಲ ಕಾಯುತ್ತ ಕುಳಿತಿದ್ದೆವು.

ತಾನೇ ಅಳೆದು ತಾನೇ ನಿಲ್ಲುವ ಯಂತ್ರದ ಆಸೆ ಮನುಷ್ಯನಿಗೆ ಹೊಸದಲ್ಲ. 9ನೇ ಶತಮಾನದ ಬಾಗ್ದಾದಿನಲ್ಲಿ ಬನೂ ಮೂಸಾ ಎಂದು ಹೆಸರಾದ ಮೂವರು ಸಹೋದರರು ಚಮತ್ಕಾರದ ಯಂತ್ರಗಳ ಬಗ್ಗೆ ಗ್ರಂಥವನ್ನೇ ಬರೆದರು. ಮಟ್ಟ ಮುಟ್ಟಿದೊಡನೆ ತಾನಾಗಿ ನೀರು ನಿಲ್ಲಿಸುವ ಪಾತ್ರೆಗಳು ಅದರಲ್ಲಿವೆ. 17ನೇ ಶತಮಾನದ ಮೊದಲ ಭಾಗದಲ್ಲಿ ಡಚ್ಚರ ಕಾರ್ನೆಲಿಸ್ ಡ್ರೆಬೆಲ್ ಎಂಬಾತ, ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಯ ಶಾಖವನ್ನು ತಾನಾಗಿ ಹಿಡಿತದಲ್ಲಿಡುವ ಉಪಾಯ ಕಂಡುಹಿಡಿದ. ಹೆಚ್ಚು ಕಡಿಮೆ ಅದೇ ಕಾಲದಲ್ಲಿ ಬಿಜಾಪುರದಲ್ಲಿ ಆದಿಲ್‌ಶಾಹಿಗಳ ಕೆಲಸಗಾರರು ಶಹರಕ್ಕೆ ನೆಲದೊಳಗಿನ ಕಾಲುವೆಗಳಿಂದ ನೀರು ಹರಿಸುತ್ತಿದ್ದರು. ಗೋಳಗುಮ್ಮಟ ನೋಡಲು ಬಂದವರು ಬಾದಶಹನ ಹೆಸರು ಕೇಳಿ ತಿಳಿದು ಹೋಗುತ್ತಾರೆ. ಕಲ್ಲು ಕಡಿದವನ, ಕಾಲುವೆಯ ವಾಟ ಹಿಡಿದವನ ಹೆಸರನ್ನು ಯಾರೂ ಕೇಳುವುದಿಲ್ಲ.

ಇದು ಹಳೆಯ ಕಾಲದ ಮಾತಷ್ಟೇ ಅಲ್ಲ. ನಮ್ಮ ಸಮುದಾಯದ ಎಷ್ಟೋ ಹುಡುಗರು ಹತ್ತನೆಯ ಇಯತ್ತೆಗೆ ಮುನ್ನವೇ ಉಸ್ತಾದರ ಕೈಕೆಳಗೆ ಗ್ಯಾರೇಜು ಸೇರುತ್ತಾರೆ. ಮೋಟಾರಿನ ಸದ್ದಿನಲ್ಲೇ ರೋಗ ಹೇಳುತ್ತಾರೆ. ಆದರೆ ಹೆಣ್ಣು ಕೇಳಲು ಹೋದಾಗ 'ಗ್ಯಾರೇಜಿನವ' ಎಂಬ ಮಾತು ತೂಕ ಇಳಿಸುತ್ತದೆ. ಅವರ ಜ್ಞಾನಕ್ಕೆ ಕಾಗದವಿಲ್ಲ. ಇನ್ನೊಂದು ಕಡೆ ಕಾಗದವಿರುವ ನಮ್ಮ ಹೆಣ್ಣುಮಕ್ಕಳ ಕೈಗೆ ಯಾರೂ ಸ್ಕ್ರೂಡ್ರೈವರ್ ಕೊಡುವುದಿಲ್ಲ. ಪುಸ್ತಕದ ವಿದ್ಯೆ ಮತ್ತು ಕೈಯ ವಿದ್ಯೆ ಒಂದೇ ಮನೆಯಲ್ಲಿದ್ದೂ ಮಾತು ಬಿಟ್ಟ ಅಣ್ಣತಮ್ಮಂದಿರಂತೆ ಇರುತ್ತವೆ. ಅವೆರಡೂ ಒಂದು ತಾಸು ಕೂಡಿ ಕುಳಿತದ್ದರಿಂದ ನಮ್ಮ ಮನೆಯಲ್ಲಿ ಹೊಸ ಫ್ರಿಜ್ಜಿನ ಸಾಲ ತಪ್ಪಿತು. ತಿಕೋಟಾದ ಚಾಚಾರಿಗೆ ನಮ್ಮ ತಂಗಿಯ ವಿಷಯ ಹೇಳಿದಾಗ, "ಕಳಸ್ರಿ, ಇನ್ನೂ ಕಲಸ್ತೀನಿ" ಎಂದರು. ಅವಳೀಗ ಓಣಿಯ ಹೆಂಗಸರ ಮಿಕ್ಸರುಗಳನ್ನು ಬಿಚ್ಚುತ್ತಿದ್ದಾಳೆ.

ಇನ್ಸುಲಿನ್ ಇಡುವ ಮನೆಗಳಿಗೆ ನಮ್ಮದೊಂದು ವಿನಂತಿ. ಫ್ರಿಜ್ಜಿನೊಳಗೆ ಒಂದು ಚಿಕ್ಕ ಥರ್ಮಾಮೀಟರ್ ಇಡಿ, ಅದಕ್ಕೆ ಹೆಚ್ಚು ಖರ್ಚಿಲ್ಲ. ಬಾಟಲಿಯನ್ನು ಫ್ರೀಜರಿನ ಹತ್ತಿರ ಇಡಬೇಡಿ. ರಾತ್ರಿ ಸದ್ದು ಅಡಗಿದ ಮೇಲೆ ಫ್ರಿಜ್ಜು ಆಗಾಗ ನಿಂತು ಸುಧಾರಿಸಿಕೊಳ್ಳುತ್ತಿದೆಯೇ ಎಂದು ಕಿವಿಗೊಟ್ಟು ಕೇಳಿ. ಮನೆಯ ಹಿರಿಯರು "ಸದ್ದು ಬ್ಯಾರೆ ಐತಿ" ಎಂದರೆ ತಳ್ಳಿಹಾಕಬೇಡಿ, ಬೆಳಿಗ್ಗೆಯೇ ಬಾಗಿಲು ತೆರೆದು ನೋಡಿ.