ಇಡಗುಂಜಿ: ಅಂಕುಶ ಹಿಡಿಯದ ಗಣಪತಿ

ಹೊನ್ನಾವರದಿಂದ ದಕ್ಷಿಣಕ್ಕೆ ಭಟ್ಕಳದ ಮಾರ್ಗವಾಗಿ ಹೊರಟವರು, ಹೆದ್ದಾರಿಯನ್ನು ಬಿಟ್ಟು ಪೂರ್ವಕ್ಕೆ ತಿರುಗಿದರೆ ಇಡಗುಂಜಿಯನ್ನು ಸೇರುವರು. ಹೊನ್ನಾವರಕ್ಕೂ ಈ ಕ್ಷೇತ್ರಕ್ಕೂ ಸುಮಾರು 14 ಕಿಲೋಮೀಟರುಗಳ ಅಂತರ. ದಾರಿಯುದ್ದಕ್ಕೂ ಅಡಿಕೆ ತೆಂಗುಗಳ ನೆರಳು, ನಡುನಡುವೆ ಗದ್ದೆಗಳ ಹಸುರು. ಶರಾವತಿಯ ಎಡಗಡೆಯ ಕುಂಜವಾದುದರಿಂದ ‘ಎಡಕುಂಜ’ವೇ ಇಡಗುಂಜಿಯಾಯಿತೆಂದು ಹೇಳುವುದುಂಟು. ವಾಲಖಿಲ್ಯ ಋಷಿಗಳು ತಮ್ಮ ಯಾಗಕ್ಕೊದಗಿದ ವಿಘ್ನಗಳ ನಿವಾರಣೆಗಾಗಿ, ನಾರದರ ಸಲಹೆಯಂತೆ, ಗಣಪತಿಯನ್ನು ಇಲ್ಲಿಗೆ ಬರಮಾಡಿಕೊಂಡರೆಂಬುದು ಸ್ಥಳಪುರಾಣ.

ಗರ್ಭಗುಡಿಯ ಮುಂದೆ ನಿಂತವರು ಒಂದು ವಿಶೇಷವನ್ನು ಗಮನಿಸಬೇಕು. ಸಾಮಾನ್ಯವಾಗಿ ಗಣಪತಿಯು ಚತುರ್ಭುಜನು. ಅವನ ಕೈಗಳಲ್ಲಿ ಪಾಶವೂ ಅಂಕುಶವೂ ಇರುವುವು. ಇವೆರಡೂ ಆನೆಯನ್ನು ಕಟ್ಟುವ, ತಿವಿಯುವ ಸಾಧನಗಳಷ್ಟೆ. ಇಡಗುಂಜಿಯ ಮೂರ್ತಿಯಾದರೋ ದ್ವಿಭುಜ, ನಿಂತ ಭಂಗಿ. ಒಂದು ಕೈಯಲ್ಲಿ ಪದ್ಮದ ಮೊಗ್ಗು, ಮತ್ತೊಂದರಲ್ಲಿ ಮೋದಕ. ಆಗಮವನ್ನು ಬಲ್ಲವರು ಇದಕ್ಕೆ ಬೇರೆ ಅರ್ಥವನ್ನು ಹೇಳಿಯಾರು. ನನಗೆ ತೋರಿದ್ದು ಇಷ್ಟು: ಹಗ್ಗವೂ ಮುಳ್ಳುಗೋಲೂ ಇರಬೇಕಾದ ಎಡೆಯಲ್ಲಿ ಇಲ್ಲಿ ಹೂವೂ ಸಿಹಿಯೂ ಇವೆ. ಪ್ರಾಣಿಗಳನ್ನು ಪಳಗಿಸುವವರು ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಮೂರ್ತಿಯಿದು.

ಪ್ರಾಣಿಗಳ ಈ ಮಾತು ಈ ಕರಾವಳಿಗೆ ಹೊರಗಿನದಲ್ಲ. ಇಲ್ಲಿಗೆ ಅನತಿದೂರದ ಭಟ್ಕಳವು ವಿಜಯನಗರದ ಕಾಲದಲ್ಲಿ ಕುದುರೆಗಳ ರೇವಾಗಿತ್ತು. ಹೊರ್ಮುಜಿನಿಂದ ಇಲ್ಲಿಗೆ ಕುದುರೆಗಳೂ ಮುತ್ತುಗಳೂ ಬರುತ್ತಿದ್ದುವೆಂದು 16ನೆಯ ಶತಮಾನದ ಆದಿಭಾಗದಲ್ಲಿ ಪೋರ್ಚುಗೀಸ ಬಾರ್ಬೋಸನು ಬರೆದಿಟ್ಟಿದ್ದಾನೆ. ಆದರೆ ಕುದುರೆಯನ್ನು ಕೊಳ್ಳುವುದು ಬೇರೆ, ಅರಿಯುವುದು ಬೇರೆ. ಅದಕ್ಕೂ ಮೊದಲು, 13ನೆಯ ಶತಮಾನದ ಕೊನೆಯಲ್ಲಿ, ತಮಿಳು ತೀರವನ್ನು ಕಂಡ ಮಾರ್ಕೋ ಪೋಲೋ, ಅಲ್ಲಿಯ ಅರಸರು ವರ್ಷವರ್ಷವೂ ಸಾವಿರಾರು ಕುದುರೆಗಳನ್ನು ಕೊಂಡರೂ, ನೋಡಿಕೊಳ್ಳಬಲ್ಲವರಿಲ್ಲದೆ ಅವುಗಳಲ್ಲಿ ಬಹುಪಾಲು ಸಾಯುತ್ತಿದ್ದುವೆಂದು ಹೇಳಿದ್ದಾನೆ. ಸಮುದ್ರವನ್ನು ದಾಟಿ ಬಂದ ಜೀವವು ಅಜ್ಞಾನವನ್ನು ದಾಟಲಾರದೆ ಹೋಯಿತು!

ಅರಿತವರು ನಮ್ಮಲ್ಲಿ ಇರಲಿಲ್ಲವೆಂದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಗಜ, ಅಶ್ವ, ಸಾರಮೇಯಗಳಿಗೆ ಬೇರೆಬೇರೆ ಪ್ರಕರಣಗಳಿವೆ. ಮಹಾಭಾರತದ ನಳನು ಬಲ್ಲ ವಿದ್ಯೆಯ ಹೆಸರು ‘ಅಶ್ವಹೃದಯ’. ಕುದುರೆಯ ಕಾಲಿನ ವಿದ್ಯೆಯಲ್ಲ, ಬಾಯಿಯ ವಿದ್ಯೆಯಲ್ಲ, ಹೃದಯದ ವಿದ್ಯೆ! ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ ಗ್ರೀಕರ ಝೆನೊಫನ್ ಎಂಬವನೂ ಅಶ್ವಶಿಕ್ಷಣವನ್ನು ಕುರಿತು ಬರೆದನು. ಕೋಪಗೊಂಡು ಕುದುರೆಯ ಬಳಿಗೆ ಹೋಗಲಾಗದು. ಅದು ಬೆದರಿದ ವಸ್ತುವನ್ನು ತಾನೇ ಮುಟ್ಟಿ ತೋರಿಸಿ, ಮೆಲ್ಲನೆ ಹತ್ತಿರಕ್ಕೆ ಕರೆದೊಯ್ಯಬೇಕು. ಹೊಡೆದರೆ ಮೊದಲ ಹೆದರಿಕೆಗೆ ಮತ್ತೊಂದು ಸೇರುವುದು. ಬಲಾತ್ಕಾರದಿಂದ ಮಾಡಿಸಿದ ನಡೆಯಲ್ಲಿ, ಚಾವಟಿಯಿಂದ ಕುಣಿಸಿದ ನರ್ತಕನಲ್ಲಿ ಹೇಗೋ ಹಾಗೆ, ಅಂದವಿಲ್ಲವೆಂದೂ ಅವನ ಅಭಿಪ್ರಾಯ.

ನರ್ತನದ ಮಾತು ಇಲ್ಲಿ ಸಹಜವಾಗಿಯೇ ಬಂದಿತು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಯಕ್ಷಗಾನ ಮಂಡಳಿಯು ಇಡಗುಂಜಿಯ ಮಹಾಗಣಪತಿಯ ಹೆಸರನ್ನೇ ಹೊತ್ತಿದೆ. ಈ ಸೀಮೆಯಲ್ಲಿ ಚಂಡೆಯ ನಾದ ಕೇಳದ ಮನೆಯಿಲ್ಲ. ಸಮೀಪದ ತೋಟವೊಂದರ ಮನೆಯಲ್ಲಿ ನಾನು ಉಳಿದಿದ್ದಾಗ ಅಲ್ಲೊಂದು ನಾಯಿಯಿತ್ತು. ಚಂಡೆಯ ಸದ್ದೆಂದರೆ ಅದಕ್ಕೆ ಪ್ರಾಣಭಯ. ಒಮ್ಮೆ ಹೀಗೆ ಬೆದರಿದ್ದಾಗ, ಸಮಾಧಾನಪಡಿಸಹೋದ ಹುಡುಗನ ಕೈಗೆ ಬಾಯಿ ಹಾಕಿತ್ತು. ಪುಣ್ಯಕ್ಕೆ ಹಲ್ಲು ತಾಗಲಿಲ್ಲ. ನೆರೆಯವರು ನಾಲ್ಕು ಬಿಗಿಯಿರೆಂದರು. ಕೆಲವರು ದೂರ ಬಿಟ್ಟುಬನ್ನಿರೆಂದರು.

ಯಜಮಾನರು ಎರಡನ್ನೂ ಮಾಡಲಿಲ್ಲ. ಹುಡುಗರನ್ನು ದೂರವಿರಿಸಿ, ತೋಟದ ಆಚೆಯ ತುದಿಯಲ್ಲಿ ಒಬ್ಬರಿಂದ ಚಂಡೆಯನ್ನು ಮೆಲ್ಲನೆ ನುಡಿಸಿದರು. ಸದ್ದು ಕೇಳಿದೊಡನೆ ನಾಯಿಗೆ ದೋಸೆಯ ಚೂರು. ಸದ್ದು ನಿಂತರೆ ಚೂರೂ ಇಲ್ಲ. ನಾಯಿ ತಿನ್ನದೆ ನಡುಗಿದ ದಿನ ಚಂಡೆ ಇನ್ನಷ್ಟು ಹಿಂದಕ್ಕೆ ಹೋಗುತ್ತಿತ್ತು. “ಮಾಸ್ತರೇ, ಇದು ಮೊಂಡುತನವಲ್ಲ, ಹೆದರಿಕೆ. ಹೆದರಿಕೆಗೆ ಪೆಟ್ಟು ಔಷಧವಾದೀತೇ?” ಎಂದು ಅವರು ಕೇಳಿದರು. ತಿಂಗಳೊಳಗೆ ಚಂಡೆ ಅಂಗಳಕ್ಕೆ ಬಂದಿತು. ನಾಯಿ ಜಗಲಿಯ ಕೆಳಗೆ ಮಲಗಿ ಕಿವಿಯನ್ನಷ್ಟೇ ಅಲ್ಲಾಡಿಸಿತು.

ಯಜಮಾನರು ಅನುಭವದಿಂದ ಕಂಡುದಕ್ಕೆ ಶಾಸ್ತ್ರದ ಬೆಂಬಲವೂ ಇದೆ. ಅಮೆರಿಕದ ಥಾರ್ನ್‌ಡೈಕ್ ಎಂಬ ಪಂಡಿತರು 1898ರಲ್ಲಿ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು ಪರೀಕ್ಷಿಸಿ, ಸುಖಫಲವನ್ನು ಕೊಟ್ಟ ಕ್ರಿಯೆಯೇ ಮತ್ತೆಮತ್ತೆ ನಡೆದು ನೆಲೆಗೊಳ್ಳುವುದೆಂದು ತೋರಿಸಿದರು. ಗೃಹಸ್ಥರು ನೆನಪಿಡಬೇಕಾದುದು ಸ್ವಲ್ಪವೇ. ಬಹುಮಾನವನ್ನು ಆ ಕ್ಷಣದಲ್ಲೇ ಕೊಡಬೇಕು. ತಡವಾದರೆ ಅದು ಯಾವುದಕ್ಕೆಂದು ಪ್ರಾಣಿಗೆ ತಿಳಿಯದು. ಕರೆದಾಗ ಬಂದ ನಾಯಿಗೆ ಹಿಂದಿನ ತಪ್ಪಿಗಾಗಿ ಹೊಡೆಯಲಾಗದು. ಹೊಡೆದರೆ ಬಂದುದೇ ತಪ್ಪೆಂದು ಅದು ಕಲಿಯುವುದು. ಒಂದು ಕೆಲಸಕ್ಕೆ ಮನೆಮಂದಿಯೆಲ್ಲರೂ ಒಂದೇ ಮಾತನ್ನು ಬಳಸಬೇಕು. ಗುರುಗುಟ್ಟಿದ್ದಕ್ಕೆ ಹೊಡೆದರೆ ಹೆದರಿಕೆ ಹೋಗದು, ಎಚ್ಚರಿಕೆಯ ದನಿ ಮಾತ್ರ ಅಡಗುವುದು. ಮುಂದೆ ಅಂಥ ನಾಯಿ ಸದ್ದಿಲ್ಲದೆ ಕಚ್ಚೀತು. ಕಚ್ಚಿದರಂತೂ ಗಾಯವನ್ನು ಸಾಬೂನು ನೀರುಗಳಿಂದ ಹದಿನೈದು ನಿಮಿಷ ತೊಳೆದು ವೈದ್ಯರಲ್ಲಿಗೆ ಓಡಬೇಕು.

ಇಡಗುಂಜಿಗೆ ಹೋಗುವವರು ಮಕ್ಕಳನ್ನೂ ಕರೆದೊಯ್ಯಲಿ. ದೇವರ ಕೈಗಳಲ್ಲಿ ಏನೇನಿದೆಯೆಂದು ಅವರಿಂದಲೇ ಹೇಳಿಸಲಿ. ಮನೆಯ ಮೂಕಜೀವಗಳೊಡನೆ ಹೇಗೆ ನಡೆಯಬೇಕೆಂಬ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಆರಂಭ ಬೇಕಿಲ್ಲ.