ತಾತನ ಕುತ್ತಿಗೆಗೆ ಅಕ್ಕಿಯ ದಿಂಬು

ಮಾರ್ಗಶಿರದ ಚಳಿ ಬಂತೆಂದರೆ ನಮ್ಮ ಯಜಮಾನರ ಕುತ್ತಿಗೆ ತುಕ್ಕು ಹಿಡಿದ ಬಾಗಿಲಿನ ಕೀಲಿನಂತಾಗುತ್ತದೆ. ಹಿಂದಿನಿಂದ ಯಾರಾದರೂ ಕರೆದರೆ ಕುತ್ತಿಗೆ ತಿರುಗುವುದಿಲ್ಲ, ಇಡೀ ಮನುಷ್ಯರೇ ತಿರುಗಬೇಕು! ಡಾಕ್ಟರು ನೋಡಿ, “ಸ್ನಾಯು ಬಿಗಿದಿದೆ, ಹದವಾಗಿ ಶಾಖ ಕೊಡಿ” ಎಂದರು.

ಬಿಸಿನೀರು ತುಂಬುವ ರಬ್ಬರ್ ಚೀಲ ಕುತ್ತಿಗೆಯ ಮೇಲೆ ನಿಲ್ಲದೆ ಜಾರುತ್ತದೆ. ನನ್ನ ತವರಿನಲ್ಲಿ ಉಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಡುತ್ತಿದ್ದರು. ಆದರೆ ಯಾರಾದರೊಬ್ಬರು ಪಕ್ಕದಲ್ಲಿ ಕೂತು ಒತ್ತುತ್ತಲೇ ಇರಬೇಕು. ಗಂಟಿನ ಬದಲು ಉದ್ದನೆಯ ದಿಂಬನ್ನೇ ಹೊಲಿದರೆ? ನಾನು ಹಾಗೆಂದದ್ದೇ ತಡ, ಐದನೇ ಕ್ಲಾಸಿನ ಮೊಮ್ಮಗಳು ಕತ್ತರಿ ಹಿಡಿದು ಬಂದಳು.

ತಾತನ ಹಳೆಯ ಹತ್ತಿ ಪಂಚೆಯನ್ನು ಎರಡು ಪದರ ಮಾಡಿ, 50 ಸೆಂ.ಮೀ. ಉದ್ದ, 25 ಸೆಂ.ಮೀ. ಅಗಲಕ್ಕೆ ಕತ್ತರಿಸಿದೆವು. ಹತ್ತಿ ಬಟ್ಟೆಯೇ ಆಗಬೇಕು. ನೈಲಾನ್, ಪಾಲಿಯೆಸ್ಟರ್ ಬಿಸಿಗೆ ಕರಗಬಹುದು. ಉದ್ದಕ್ಕೆ ಮಡಿಸಿ, ಒಂದು ಬದಿಯನ್ನೂ ಒಂದು ತುದಿಯನ್ನೂ ಒತ್ತೊತ್ತಾಗಿ ಹೊಲಿದು, ಒಳಮೈಯನ್ನು ಹೊರಕ್ಕೆ ತಿರುವಿದೆವು. ಇನ್ನೊಂದು ತುದಿಗೆ ಪೈಜಾಮಕ್ಕೆ ಹಾಕುವಂಥ ಲಾಡಿ. ಸೂಜಿಗೆ ದಾರ ಪೋಣಿಸಲು ಅವಳ ಕಣ್ಣು, ಹೊಲಿಯಲು ನನ್ನ ಕೈ.

ತುಂಬಲು 750 ಗ್ರಾಂ ಅಕ್ಕಿ. “ಅಕ್ಕಿಯೇ ಯಾಕಜ್ಜಿ?” ಎಂದಳು. ನೋಡಲು ಒಣಗಿದ್ದರೂ 100 ಗ್ರಾಂ ಅಕ್ಕಿಯಲ್ಲಿ ಸುಮಾರು 12ರಿಂದ 14 ಗ್ರಾಂ ನೀರಿನಂಶ ಇರುತ್ತದೆ. ಕಾಳೂ ಅದರೊಳಗಿನ ನೀರೂ ಕಾವನ್ನು ಹಿಡಿದಿಟ್ಟುಕೊಳ್ಳುತ್ತವೆ. ಕಾಳುಗಳ ನಡುವಿನ ಗಾಳಿ ಅದನ್ನು ಬೇಗ ಹೊರಗೆ ಬಿಡುವುದಿಲ್ಲ. ಚೀಲವನ್ನು ಬಿಗಿಯಾಗಿ ತುಂಬದಿದ್ದರೆ ಅಕ್ಕಿ ಜರುಗಿ ಕುತ್ತಿಗೆಯ ಆಕಾರಕ್ಕೆ ಕೂರುತ್ತದೆ.

ಅಕ್ಕಿಯನ್ನು ಬಾಣಲೆಗೆ ಹಾಕಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಬಿಸಿ ಮಾಡಿ, ಚೀಲಕ್ಕೆ ಸುರಿದು ಲಾಡಿ ಬಿಗಿಯುವುದು ದೊಡ್ಡವರ ಕೆಲಸ. ಅಕ್ಕಿ ಕೆಂಪಾಗಬಾರದು. ಮಕ್ಕಳ ಕೆಲಸ ಇದಕ್ಕಿಂತ ದೊಡ್ಡದು: ಬಿಸಿ ನೋಡುವುದು. ವಯಸ್ಸಾದವರ ಚರ್ಮ ತೆಳು, ಬೇಗ ಸುಡುತ್ತದೆ. ಆದರೆ ಸುಡುತ್ತಿದೆ ಎಂದು ತಿಳಿಯುವುದು ತಡ. ಸಕ್ಕರೆ ಕಾಯಿಲೆ ಇದ್ದವರಿಗೆ ಇನ್ನೂ ತಡವಾಗಬಹುದು. ನಮ್ಮ ಯಜಮಾನರಿಗೆ ಅದು 15 ವರ್ಷಗಳಿಂದ ಇದೆ.

ಮೊದಲ ಸಂಜೆ ಮೊಮ್ಮಗಳು ದಿಂಬನ್ನು ತನ್ನ ಮುಂಗೈಯ ಒಳಬದಿಗೆ ಇಟ್ಟುಕೊಂಡು ಎಣಿಸತೊಡಗಿದಳು. ಆರಕ್ಕೇ ಕೈ ಎಳೆದುಕೊಂಡಳು. ತಾತ ಮುಟ್ಟಿ ನೋಡಿ, “ಎಲ್ಲಿದೆ ಬಿಸಿ? ಹಾಕಮ್ಮ” ಎಂದರು.

“ನಿಂಗೆ ಗೊತ್ತಾಗಲ್ಲ ತಾತ, ಅದಕ್ಕೇ ನಾನು ನೋಡೋದು.”

ಮೂವತ್ತು ವರ್ಷ ಮೇಷ್ಟರಾಗಿ ಮಕ್ಕಳನ್ನು ಸುಮ್ಮನಿರಿಸಿದವರು ಅಂದು ತಾವೇ ಸುಮ್ಮನೆ ಕೂತರು.

ಹತ್ತು ಎಣಿಸುವವರೆಗೂ ಕೈಗೆ ಹಿತವಾಗಿದ್ದರೆ ಮಾತ್ರ ದಿಂಬು ಕುತ್ತಿಗೆಗೆ. 15 ನಿಮಿಷ ಸಾಕು. ಹಾಕಿಕೊಂಡು ನಿದ್ದೆ ಮಾಡಬಾರದು. ಗಾಯ, ಊತ ಇದ್ದಲ್ಲಿ ಶಾಖ ಬೇಡ. ನೋವಿನ ಜೊತೆ ಕೈ ಜೋಮು ಹಿಡಿದರೆ ದಿಂಬು ಬಿಟ್ಟು ಡಾಕ್ಟರ ಬಳಿಗೆ ಹೋಗಬೇಕು. ಅಕ್ಕಿ ಪೂರ್ತಿ ಆರಿದ ಮೇಲೆ ಡಬ್ಬಿಯಲ್ಲಿಡಿ. ಸುಟ್ಟ ವಾಸನೆ ಬಂದರೆ ಬದಲಿಸಿ.

ಈಗ ಸಂಜೆ ಏಳಾದರೆ ತಾತ ದಿಂಬು ಕೇಳುವುದಿಲ್ಲ. “ಪುಟ್ಟೀ, ಎಣಿಸು ಬಾ” ಎನ್ನುತ್ತಾರೆ.