ಅಕ್ಷರಕ್ಕೆ ಎಷ್ಟು ಮನೆ?

ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಎಂದು ಮೂರು ದಶಕಗಳಿಂದ ಕರಿಹಲಗೆಯ ಮೇಲೆ ಪ್ರಸ್ತಾರ ಹಾಕುತ್ತ ಬಂದ ನಾನು ಗಣಕಯಂತ್ರದ ಎಣಿಕೆಯ ಮುಂದೆ ತಬ್ಬಿಬ್ಬಾದ ಪ್ರಸಂಗವನ್ನು ವಾಚಕರಲ್ಲಿ ನಿವೇದಿಸುತ್ತೇನೆ.

ನಮ್ಮ ಗ್ರಂಥಭಂಡಾರದ ಪಟ್ಟಿಯನ್ನು ಹಳೆಯ ವಿದ್ಯಾರ್ಥಿಯೊಬ್ಬನು ಗಣಕಕ್ಕೆ ಅಳವಡಿಸಿಕೊಟ್ಟಿದ್ದನು. ಚಿತ್ರಗಳ ಆಡಂಬರವಿಲ್ಲದೆ ಕಪ್ಪು ತೆರೆಯ ಮೇಲೆ ಬರಿಯ ಅಕ್ಷರಗಳು ಮೂಡುವ ಟರ್ಮಿನಲ್ ಅದು. ಗ್ರಂಥನಾಮ, ಕಪಾಟಿನಲ್ಲಿರುವ ಪ್ರತಿ, ಹೊರಗಿರುವ ಪ್ರತಿ ಎಂದು ಮೂರು ಅಂಕಣಗಳು. 'ಶೂನ್ಯಸಂಪಾದನೆ'ಯ ಮುಂದೆ ಕಪಾಟಿನ ಅಂಕಣದಲ್ಲಿ ಸೊನ್ನೆ ಕಂಡೆ. ಕಡೆಗೆ ಒಯ್ದಿದ್ದ ಬಾಲಕನನ್ನು ಕರೆಸಿ ಎಲ್ಲರೆದುರು ಗದರಿಸಿದೆ. ಅವನು ಮರುಮಾತಾಡದೆ ಕಪಾಟಿನಿಂದ ಗ್ರಂಥವನ್ನು ತೆಗೆದು ನನ್ನ ಮುಂದಿಟ್ಟನು. ಹೊರಗಿರುವ ಪ್ರತಿಯ ಸೊನ್ನೆ ನಾಲ್ಕು ಮನೆ ಎಡಕ್ಕೆ ಜಾರಿ ಬಂದಿತ್ತು!

ಹಳೆಯ ವಿದ್ಯಾರ್ಥಿಯನ್ನು ಬರಮಾಡಿಕೊಂಡೆ. "ಗುರುಗಳೆ, ತೆರೆಯೆಂದರೆ ಚೌಕುಳಿ ಹಾಳೆ. ಇಂಗ್ಲಿಷ್ ಅಕ್ಷರಕ್ಕೆ ಒಂದು ಮನೆ, ಚೀನಿ-ಜಪಾನಿ ಲಿಪಿಚಿಹ್ನೆಗೆ ಎರಡು. ಕನ್ನಡದ್ದೇ ತೊಡಕು" ಎಂದನು. ಸಾಲಿಗೆ 80 ಮನೆಗಳೆಂಬ ರೂಢಿ 1928ರ ಐ.ಬಿ.ಎಂ. ರಂಧ್ರಪತ್ರದಷ್ಟು ಹಳೆಯದಂತೆ.

'ಬಸವಪುರಾಣ', 'ಶೂನ್ಯಸಂಪಾದನೆ' ಎರಡೂ ನನ್ನ ಲೆಕ್ಕಕ್ಕೆ ಆರಾರು ಅಕ್ಷರ. ಅವನ ಕ್ರಮವಿಧಿ ಎಣಿಸಿದ್ದು ಬೈಟುಗಳನ್ನು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು. ಮೊದಲನೆಯದು 24, ಎರಡನೆಯದು 36. ಹೆಸರಿಗೆ 30 ಎಂದು ಗೊತ್ತುಮಾಡಿದ್ದರಿಂದ ಮೊದಲನೆಯದಕ್ಕೆ ಆರು ಖಾಲಿ ಮನೆ ಸೇರಿದವು, ಎರಡನೆಯದಕ್ಕೆ ಒಂದೂ ಇಲ್ಲ. ಚಿಹ್ನೆಗಳನ್ನೇ ಎಣಿಸಿದಾಗ 8 ಮತ್ತು 12. ಆದರೂ ಸಾಲು ಎರಡು ಮನೆ ಸೊಟ್ಟ.

ಬಳಿಕ ಅಗಲದ ಕೋಷ್ಟಕವೊಂದನ್ನು ತಂದನು. ಅದರಲ್ಲಿ 'ಕಿ' ಒಂದು ಮನೆ, 'ಕೀ' ಎರಡು. ಯಂತ್ರಕ್ಕೂ ಛಂದಸ್ಸು ತಿಳಿಯಿತೆಂದು ಹಿಗ್ಗಿದೆ. 'ಕು' ಬರೆಯಿಸಿದೆ: ಎರಡು! 'ಕು' ಗುರುವಾದುದು ಯಾವ ಶಾಸ್ತ್ರದಲ್ಲಿ? ನಿಧಾನಿಸಿ ನೋಡಿದಾಗ ಮರ್ಮ ತಿಳಿಯಿತು. ಇಕಾರದ ಗುಡಿಸು ತಲೆಯ ಮೇಲೆ ಕೂಡುತ್ತದೆ, ಉಕಾರದ ಕೊಂಬು ಪಕ್ಕದಲ್ಲಿ ನಿಲ್ಲುತ್ತದೆ. ಕೋಷ್ಟಕ ಅಳೆದದ್ದು ಧ್ವನಿಯನ್ನಲ್ಲ, ಆಕಾರವನ್ನು. ವಿರಾಮಚಿಹ್ನೆಗೆ ಅಲ್ಲಿ ಮನೆಯೇ ಇಲ್ಲ.

ಈ ಎಣಿಕೆಯಿಂದ ಸಾಲು ನೆಟ್ಟಗಾಯಿತು. ಆದರೆ ಕಚೇರಿಯ ಗಣಕದಲ್ಲಿ ಮತ್ತೆ ವಕ್ರ. ಅಲ್ಲಿಯ ಟರ್ಮಿನಲ್ಲಿನ ಲೆಕ್ಕ ಬೇರೆ. ಬರೆಯುವವನೂ ತೋರಿಸುವವನೂ ಒಂದೇ ಕೋಷ್ಟಕಕ್ಕೆ ಒಪ್ಪದಿದ್ದರೆ ಯಾವ ಜಾಣ್ಮೆಯೂ ಸಾಲದು. "ತಮ್ಮಾ, ಅಂಕೆಗಳನ್ನು ಮುಂದಿಟ್ಟು ಹೆಸರನ್ನು ಕೊನೆಗೆ ಹಾಕು. ಅದರ ಬಲಕ್ಕೆ ಏನೂ ಇರದಿದ್ದರೆ ಜಾರುವುದೇನು?" ಎಂದೆ. ಹಾಗೆಯೇ ಮಾಡಿದನು.

ಮರುದಿನ ಆ ಬಾಲಕನನ್ನು ತರಗತಿಯಲ್ಲಿ ಎಲ್ಲರೆದುರೇ ನಿಲ್ಲಿಸಿ, ತಪ್ಪು ನನ್ನದೆಂದು ಹೇಳಿದೆ. ಅವನು ತಲೆ ತಗ್ಗಿಸಿ, "ಹಾಗಾದರೆ ಅದನ್ನು ಇನ್ನೊಂದು ವಾರ ಒಯ್ಯಲೇ, ಗುರುಗಳೆ?" ಎಂದನು.